ಹೊಲಗಳ ನಡುವಿನ ಕಾಲೇಜು: ಸೇರೋದು ಹೇಗೆ, ಸೇರಿದ ಮೇಲೆ ಒಗ್ಗಿಕೊಳ್ಳೋದು ಹೇಗೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ಈಗಷ್ಟೇ ಎರಡನೇ ಪಿಯು ಶುರುವಾಗಿದೆ, ಪಿಸಿಎಂಸಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿಯಲ್ಲಿ ಶೇ 96, ಮೊದಲ ಪಿಯುನಲ್ಲಿ ಶೇ 88 ಬಂದಿದೆ. ಕಂಪ್ಯೂಟರ್ ಸೈನ್ಸ್ ಇಷ್ಟ, ಇತಿಹಾಸವೂ ಅಷ್ಟೇ ಇಷ್ಟ. ಎರಡನ್ನೂ ಒಟ್ಟಿಗೆ ಓದಬಹುದು ಅಂತ ಅಮೆರಿಕದ ಅಯೋವಾ ರಾಜ್ಯದ ಗ್ರಿನ್ನೆಲ್ ಕಾಲೇಜಿನ ಮೇಲೆ ಮನಸ್ಸಾಗಿದೆ. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ, ಬೇರೆ ಆದಾಯ ಇಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರ ಲೆಕ್ಕ ಬರೆಯೋದು ನನ್ನ ಕೆಲಸ. ಅದು ಬಿಟ್ಟರೆ ಸರ್ಟಿಫಿಕೇಟ್ ತೋರಿಸುವಂಥದ್ದು ಏನೂ ಮಾಡಿಲ್ಲ. ಬೆಂಗಳೂರಿನ ಚಿಕ್ಕಪ್ಪ "ಹೆಸರೇ ಕೇಳದ ಕಾಲೇಜು, ಸುತ್ತ ಬರೀ ಹೊಲ, ಅಲ್ಲಿಗೆ ಹೋಗಿ ಏನು ಮಾಡ್ತೀಯ" ಅಂತಾರೆ. ನಾನು ಜಾಸ್ತಿ ಮಾತಾಡುವವಳಲ್ಲ, ಸಸ್ಯಾಹಾರಿ ಬೇರೆ. ನನ್ನಂಥವಳಿಗೆ ಅಲ್ಲಿ ಸೀಟು ಸಿಗುತ್ತದಾ? ಸಿಕ್ಕರೂ ಒಗ್ಗಿಕೊಳ್ಳಲು ಆಗುತ್ತದಾ?

ಉತ್ತರ: ನಿಮ್ಮ ಚಿಕ್ಕಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ. ಸುತ್ತ ಬರೀ ಹೊಲ ಅನ್ನೋದು ನಿಜ. ಗ್ರಿನ್ನೆಲ್ ಊರಿನ ಜನಸಂಖ್ಯೆ ಹತ್ತು ಸಾವಿರದ ಒಳಗೆ. ರಾಜ್ಯದ ರಾಜಧಾನಿ ಡೆ ಮೊಯಿನ್‌ನಿಂದ ಪೂರ್ವಕ್ಕೆ ಸುಮಾರು 90 ಕಿಲೋಮೀಟರ್. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ. ಕ್ಯಾಂಪಸ್ಸಿನ ಮಧ್ಯದಲ್ಲೇ ರೈಲು ಹಳಿ ಹಾದುಹೋಗುತ್ತದೆ.

ಹೆಸರೇ ಕೇಳದ ಕಾಲೇಜು ಅನ್ನೋದನ್ನು ಮಾತ್ರ ಒಪ್ಪುವುದಿಲ್ಲ. ಇಂಟೆಲ್ ಹೆಸರು ಅವರು ಕೇಳಿರುತ್ತಾರಲ್ಲ? 1968ರಲ್ಲಿ ಗೋರ್ಡನ್ ಮೂರ್ ಜೊತೆ ಸೇರಿ ಇಂಟೆಲ್ ಕಟ್ಟಿದ ರಾಬರ್ಟ್ ನಾಯ್ಸ್ ಬೆಳೆದದ್ದು ಇದೇ ಊರಿನಲ್ಲಿ. 1949ರಲ್ಲಿ ಪದವಿ ಪಡೆದದ್ದು ಇದೇ ಕಾಲೇಜಿನಲ್ಲಿ. 1947ರ ಕೊನೆಗೆ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾ ಕೇಂದ್ರದಲ್ಲಿ, ಇವತ್ತಿನ ಕಂಪ್ಯೂಟರ್ ಚಿಪ್‌ಗಳಿಗೆ ಮೂಲವಾದ ಟ್ರಾನ್ಸಿಸ್ಟರ್ ಹುಟ್ಟಿತು. ಅದನ್ನು ಕಂಡುಹಿಡಿದವರಲ್ಲೊಬ್ಬರಾದ ಜಾನ್ ಬಾರ್ಡೀನ್, ಗ್ರಿನ್ನೆಲ್ಲಿನ ಫಿಸಿಕ್ಸ್ ಮೇಷ್ಟ್ರು ಗ್ರಾಂಟ್ ಗೇಲ್ ಅವರಿಗೆ ಪರಿಚಯ. ಆ ಪರಿಚಯದ ಮೇಲೆ ಗೇಲ್ ಒಂದೆರಡು ಟ್ರಾನ್ಸಿಸ್ಟರ್ ತರಿಸಿಕೊಂಡು ನಾಯ್ಸ್ ಮತ್ತು ಜೊತೆಯ ಹುಡುಗರ ಮುಂದಿಟ್ಟು ಪಾಠ ಮಾಡಿದರು. ಆಗ ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲೂ ಅದನ್ನು ಕಣ್ಣಾರೆ ಕಂಡವರು ಕಡಿಮೆ.

ನಾಯ್ಸ್‌ದು ಇನ್ನೊಂದು ಕಥೆಯೂ ಇದೆ. 1948ರಲ್ಲಿ ಹಾಸ್ಟೆಲ್ಲಿನ ಒಂದು ಔತಣಕ್ಕೆ ಅಂತ ಪಕ್ಕದ ರೈತರೊಬ್ಬರ ಹಂದಿಯನ್ನು ಕದ್ದು ತಂದರು. ಅಯೋವಾದಲ್ಲಿ ಅದು ಸಣ್ಣ ಅಪರಾಧ ಅಲ್ಲ, ಕೇಸು ಆಗುವುದರಲ್ಲಿತ್ತು. ಗೇಲ್ ಮೇಷ್ಟ್ರು ಮತ್ತು ಕಾಲೇಜಿನ ಅಧ್ಯಕ್ಷರು ಅವರ ಪರವಾಗಿ ನಿಂತು ಮಾತಾಡಿದರು. ಒಂದು ಸೆಮಿಸ್ಟರ್ ಸಸ್ಪೆಂಡ್ ಆಯಿತು, ಓದು ಉಳಿಯಿತು. ಸಣ್ಣ ಕಾಲೇಜು ಅಂದರೆ ಏನು ಅಂತ ಕೇಳುವ ತಂದೆ-ತಾಯಿಗೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿ ತಪ್ಪು ಮಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ನಿಮ್ಮನ್ನು ಬಲ್ಲ ಒಬ್ಬ ಮೇಷ್ಟ್ರು ನಿಮಗಾಗಿ ಎದ್ದು ಬರುತ್ತಾರೆ.

ಸಾಗರದವರಾದ ನಿಮಗೆ ಇದನ್ನು ಅರ್ಥ ಮಾಡಿಸೋದು ಕಷ್ಟವಲ್ಲ. ಹೆಗ್ಗೋಡು ಎಷ್ಟು ದೊಡ್ಡ ಊರು? ಅಲ್ಲಿ ಕೂತು ನೀನಾಸಂ ನಾಡಿಗೆಲ್ಲ ನಾಟಕ ಕಲಿಸಲಿಲ್ಲವಾ? ಶಿಬಿರಕ್ಕೆ ಬಂದವರು ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ, ಬೆಳಿಗ್ಗೆ ವಾದ ಮಾಡಿದವರ ಪಕ್ಕದಲ್ಲೇ ರಾತ್ರಿ ನಾಟಕಕ್ಕೆ ಕೂರುತ್ತಾರೆ. ಅಮೆರಿಕದಲ್ಲಿ ಈ ಥರದ ಸಣ್ಣ ಊರಿನ ಲಿಬರಲ್ ಆರ್ಟ್ಸ್ ಕಾಲೇಜುಗಳು, ಅಂದರೆ ವಿಜ್ಞಾನ, ಕಲೆ ಅಂತ ಬೇರೆ ಮಾಡದೆ ಎಲ್ಲವನ್ನೂ ಸೇರಿಸಿ ಓದಿಸುವ ಡಿಗ್ರಿ ಕಾಲೇಜುಗಳು, ಬೇಕಾದಷ್ಟಿವೆ. ಮ್ಯಾಸಚೂಸೆಟ್ಸ್‌ನಲ್ಲಿ ವಿಲಿಯಮ್ಸ್ ಮತ್ತು ಆಮ್ಹರ್ಸ್ಟ್, ಮೇನ್ ರಾಜ್ಯದಲ್ಲಿ ಬೋಡನ್, ಒಹಾಯೊದಲ್ಲಿ ಕೆನ್ಯನ್, ಮಿನೆಸೋಟದ ನಾರ್ತ್‌ಫೀಲ್ಡ್ ಊರಲ್ಲಿ ಕಾರ್ಲ್‌ಟನ್. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿದ್ದರೂ ಕಾರ್ಲ್‌ಟನ್ನಿಗೂ ಹೋಗಿ ಪಾಠ ಮಾಡಿದವರು. ಇಲ್ಲೆಲ್ಲ ಪಿಎಚ್‌ಡಿ ವಿದ್ಯಾರ್ಥಿಗಳ ಕಾಟ ಇರುವುದಿಲ್ಲ. ಹಾಗಾಗಿ ಪ್ರೊಫೆಸರ್ ಗಮನವೂ ಲ್ಯಾಬಿನ ಉಪಕರಣವೂ ಡಿಗ್ರಿ ಓದುವವರಿಗೇ ಸಿಗುತ್ತವೆ.

ಗ್ರಿನ್ನೆಲ್‌ನ ವಿಶೇಷ ಅಂದರೆ, ಎಲ್ಲರೂ ಓದಲೇಬೇಕಾದ ಕೋರ್ಸು ಒಂದೇ ಒಂದು. ಮೊದಲ ಸೆಮಿಸ್ಟರಿನ 'ಟ್ಯುಟೋರಿಯಲ್'. ಉಳಿದದ್ದನ್ನೆಲ್ಲ ನೀವು ಮತ್ತು ನಿಮ್ಮ ಅಡ್ವೈಸರ್, ಅಂದರೆ ನಿಮಗೆ ದಾರಿ ಹೇಳುವ ಪ್ರೊಫೆಸರ್, ಕೂತು ನಿರ್ಧರಿಸುತ್ತೀರಿ. ಯಾವುದರಲ್ಲಿ ಮೇಜರ್, ಅಂದರೆ ನಿಮ್ಮ ಮುಖ್ಯ ವಿಷಯ ಯಾವುದು ಅನ್ನೋದನ್ನು ಎರಡನೇ ವರ್ಷದ ಕೊನೆಯೊಳಗೆ ಹೇಳಿದರೆ ಸಾಕು. ಕಂಪ್ಯೂಟರ್ ಸೈನ್ಸ್ ಮತ್ತು ಇತಿಹಾಸ ಎರಡನ್ನೂ ಮುಂದುವರಿಸುವವರು ಅಲ್ಲಿ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ.

ಈಗ ಸೀಟಿನ ವಿಷಯ. ನಮ್ಮ ಸಿಇಟಿ ಥರ ರ‍್ಯಾಂಕ್ ಪಟ್ಟಿ ಹಿಡಿದು ಮೇಲಿಂದ ಕೆಳಗೆ ಸೀಟು ಹಂಚುವ ಪದ್ಧತಿ ಅಲ್ಲಿಲ್ಲ. ಸುಮಾರು 1,700 ವಿದ್ಯಾರ್ಥಿಗಳು ನಾಲ್ಕು ವರ್ಷ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರಬೇಕು. ಊಟದ ಹಾಲ್ ಒಂದೇ. ಹೆಚ್ಚಿನವರು ಹಾಸ್ಟೆಲ್ಲಿನಲ್ಲೇ ಇರುತ್ತಾರೆ. ಹೀಗಿರುವಾಗ ಅರ್ಜಿ ಓದುವವರು ತಮ್ಮನ್ನೇ ಕೇಳಿಕೊಳ್ಳುವುದು ಇಷ್ಟು: ಯಾರೂ ಹೇಳದೆ ಇದ್ದಾಗ ಈ ಹುಡುಗಿ ಏನು ಮಾಡುತ್ತಾಳೆ? ಪಕ್ಕದವರ ಜೊತೆ ಹೇಗಿರುತ್ತಾಳೆ? ಹಾಗಾಗಿ ನಿಮ್ಮ ಎರಡೂ ಪ್ರಶ್ನೆಗಳನ್ನು ನಾನು ಬೇರೆ ಬೇರೆ ಅಂತ ನೋಡುವುದಿಲ್ಲ. ಅಲ್ಲಿ ಸೀಟು ಕೊಡಿಸುವ ಗುಣವೇ ಅಲ್ಲಿ ಬದುಕಲು ಬೇಕಾದ ಗುಣ.

ಮಾರ್ಕ್ಸ್ ಬೇಡವೇ ಅಂದರೆ, ಖಂಡಿತ ಬೇಕು. ಅರ್ಜಿ ಹಾಕಿದ ನೂರರಲ್ಲಿ ಹತ್ತು-ಹದಿನೈದು ಮಂದಿಗೆ ಸೀಟು ಸಿಗುತ್ತದೆ. ಹೊರದೇಶದವರಿಗೆ, ಅದರಲ್ಲೂ ಹಣದ ಸಹಾಯ ಕೇಳುವವರಿಗೆ ಸ್ಪರ್ಧೆ ಇನ್ನೂ ಜಾಸ್ತಿ. ಅವರು ಒಂಬತ್ತನೇ ಕ್ಲಾಸಿನಿಂದ ಹನ್ನೆರಡರವರೆಗೆ ನಾಲ್ಕೂ ವರ್ಷದ ಓದು ನೋಡುತ್ತಾರೆ. ನಮ್ಮಲ್ಲಿ ಮೊದಲ ಪಿಯು ಅಂದರೆ ಸುಮ್ನೆ ಪಾಸಾದರೆ ಸಾಕು ಅನ್ನುವ ರೂಢಿ ಇದೆ. ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನಿಮ್ಮ ಅಂಕ 96ರಿಂದ 88ಕ್ಕೆ ಇಳಿದಿದೆ. ಕನ್ನಡ ಮೀಡಿಯಂನಿಂದ ಒಮ್ಮೆಲೇ ಇಂಗ್ಲಿಷಿಗೆ ಬಂದ ವರ್ಷ ಅದು. ಇದನ್ನು ನೀವು ಹೇಳುವುದಕ್ಕಿಂತ ನಿಮ್ಮ ಪ್ರಿನ್ಸಿಪಾಲರು ತಮ್ಮ ಪತ್ರದಲ್ಲಿ ಒಂದು ಸಾಲು ಬರೆದರೆ ತೂಕ ಜಾಸ್ತಿ. ಈ ವರ್ಷದ ಮಧ್ಯವಾರ್ಷಿಕ ಪರೀಕ್ಷೆಯನ್ನು ಮಾತ್ರ ವಾರ್ಷಿಕ ಪರೀಕ್ಷೆ ಅಂತಲೇ ತಿಳಿದು ಬರೆಯಿರಿ. ಬೋರ್ಡ್ ಪರೀಕ್ಷೆ ಮುಗಿದು ಫಲಿತಾಂಶ ಬರುವ ಹೊತ್ತಿಗೆ ಅವರ ತೀರ್ಮಾನ ಆಗಿಹೋಗಿರುತ್ತದೆ. ಅವರ ಕೈಗೆ ಸಿಗುವ ಎರಡನೇ ಪಿಯು ಅಂಕ ಅಂದರೆ ಅದೇ.

ಅಮೆರಿಕದ ಕಾಲೇಜು ಪ್ರವೇಶಕ್ಕೆ ಅಂತ ಇರುವ ಎಸ್‌ಎಟಿ ಪರೀಕ್ಷೆ ಬರೆಯಲೇಬೇಕು ಅಂತ ಗ್ರಿನ್ನೆಲ್‌ನಲ್ಲಿ ಇಲ್ಲ, ಆದರೂ ಅರ್ಜಿ ಹಾಕುವ ವರ್ಷದ ನಿಯಮವನ್ನು ಅವರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಹೊರಗಿನವರಿಗೆ ಪರಿಚಯವೇ ಇಲ್ಲದ ಪಿಯು ಕಾಲೇಜಿನಿಂದ ಬರುವವರಿಗೆ ಗಣಿತದಲ್ಲಿ ಒಳ್ಳೆಯ ಎಸ್‌ಎಟಿ ಅಂಕ ಇದ್ದರೆ ಅದು ಆಸರೆ ಅನ್ನುವುದು ನನ್ನ ಅಭಿಪ್ರಾಯ. ಅಂಕ ಚೆನ್ನಾಗಿ ಬಂದರೆ ಕಳಿಸಿ, ಇಲ್ಲದಿದ್ದರೆ ಬಿಡಿ. ಇಂಗ್ಲಿಷ್ ಪರೀಕ್ಷೆ ಮಾತ್ರ ಬರೆಯಿರಿ. ಐಇಎಲ್‌ಟಿಎಸ್, ಟೋಫೆಲ್, ಡ್ಯುಯೊಲಿಂಗೊ ಮೂರರಲ್ಲಿ ಡ್ಯುಯೊಲಿಂಗೊ ಅಗ್ಗ, ಮನೆಯಲ್ಲೇ ಕೂತು ಬರೆಯಬಹುದು. ಒಂದೇ ತೊಂದರೆ, ಮಧ್ಯೆ ಕರೆಂಟೋ ಇಂಟರ್ನೆಟ್ಟೋ ಹೋದರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಅದನ್ನು ನಂಬುವ ಹಾಗಿಲ್ಲ. ಸಾಗರ ಪೇಟೆಯಲ್ಲೋ ಶಿವಮೊಗ್ಗದಲ್ಲೋ ಗೊತ್ತಿರುವವರ ಮನೆಯಲ್ಲಿ ಕೂತು ಬರೆಯಿರಿ.

ಇನ್ನು ದುಡ್ಡು. ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕಂದರೆ ನಿಮ್ಮಂಥ ಮನೆಯ ಮಕ್ಕಳು ಎಡವುವುದು ಇಲ್ಲೇ. ಗ್ರಿನ್ನೆಲ್‌ನ ಒಂದು ವರ್ಷದ ಫೀಸು, ಊಟ, ವಸತಿ ಎಲ್ಲ ಸೇರಿ 80 ಸಾವಿರ ಡಾಲರ್ ಮೀರುತ್ತದೆ. ನಮ್ಮ ಲೆಕ್ಕದಲ್ಲಿ 70 ಲಕ್ಷ ರೂಪಾಯಿಯ ಆಸುಪಾಸು. ಈ ಸಂಖ್ಯೆ ನೋಡಿ ಪುಟ ಮುಚ್ಚಬೇಡಿ. ಈ ಕಾಲೇಜಿನ ನಿಧಿ ಇನ್ನೂರು ಕೋಟಿ ಡಾಲರಿಗಿಂತ ದೊಡ್ಡದು. ನಾಯ್ಸ್ ಕಾಲೇಜಿನ ಟ್ರಸ್ಟಿಯಾಗಿದ್ದರು, ಇಂಟೆಲ್‌ನ ಮೊದಲ ದಿನಗಳಲ್ಲೇ ಕಾಲೇಜು ಅದರಲ್ಲಿ ಹಣ ಹಾಕಿತ್ತು. ಹೂಡಿಕೆಗೆ ಹೆಸರಾದ ವಾರನ್ ಬಫೆಟ್ ಕೂಡ ಟ್ರಸ್ಟಿಯಾಗಿದ್ದವರು. ಸೀಟು ಕೊಟ್ಟ ಮೇಲೆ, ನಿಮ್ಮ ಮನೆಯಿಂದ ಎಷ್ಟು ಆಗುತ್ತದೆ ಅಂತ ಅವರೇ ಲೆಕ್ಕ ಹಾಕಿ, ಉಳಿದದ್ದನ್ನು ಸ್ಕಾಲರ್‌ಶಿಪ್, ಕ್ಯಾಂಪಸ್ ಕೆಲಸ ಇತ್ಯಾದಿ ಸೇರಿಸಿ ತುಂಬುವ ಕಾಲೇಜುಗಳ ಸಾಲಿಗೆ ಗ್ರಿನ್ನೆಲ್ ಸೇರುತ್ತದೆ.

ಆದರೆ ಒಂದು ಮಾತು. ಹೊರದೇಶದವರ ಮಟ್ಟಿಗೆ, ನೀವು ಎಷ್ಟು ಸಹಾಯ ಕೇಳುತ್ತೀರಿ ಅನ್ನೋದು ಸೀಟಿನ ತೀರ್ಮಾನದ ಮೇಲೂ ಪರಿಣಾಮ ಮಾಡುತ್ತದೆ. ಹಾಗೆ ಮಾಡದ ಕಾಲೇಜುಗಳೂ ಇವೆ. ಸಣ್ಣ ಊರಿನವುಗಳಲ್ಲಿ ಆಮ್ಹರ್ಸ್ಟ್ ಮತ್ತು ಬೋಡನ್ ಅಂಥವು. ಅಲ್ಲಿ ಸೀಟು ಸಿಗೋದು ಇನ್ನೂ ಕಷ್ಟ ಅನ್ನಿ. ಹಾಗಂತ ಕಡಿಮೆ ಕೇಳೋಣ, ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ ಅನ್ನುವ ಯೋಚನೆ ಮಾತ್ರ ಬೇಡ. ಅರ್ಜಿಯ ಹೊತ್ತಿಗೆ ಸಹಾಯ ಕೇಳದ ಹೊರದೇಶದವರಿಗೆ ಹೆಚ್ಚಿನ ಕಾಲೇಜುಗಳು ಆಮೇಲೆ ಕೊಡುವುದಿಲ್ಲ. ಮೊದಲ ವರ್ಷ ತೋಟ ಅಡವಿಟ್ಟು ಕಳಿಸಿ ಎರಡನೇ ವರ್ಷಕ್ಕೆ ದಾರಿ ಕಾಣದೆ ಮಕ್ಕಳನ್ನು ವಾಪಸ್ ಕರೆಸಿಕೊಂಡ ಮನೆಗಳನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ. ಇರುವ ಶಕ್ತಿಯನ್ನು ಇದ್ದ ಹಾಗೆ ಬರೆಯಿರಿ.

ಇದನ್ನು ಬರೆಯೋದು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಫಾರ್ಮಿನಲ್ಲಿ. ಸಂಬಳದವರಿಗೆ ಫಾರ್ಮ್ 16 ಇರುತ್ತದೆ, ಐಟಿ ರಿಟರ್ನ್ ಇರುತ್ತದೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ಕೇಂದ್ರದ ಆದಾಯ ತೆರಿಗೆ ಇಲ್ಲ, ಅದು ಅಮೆರಿಕದವರಿಗೆ ಅರ್ಥವೇ ಆಗುವುದಿಲ್ಲ. ತೆರಿಗೆ ಕಾಗದ ಇಲ್ಲ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನಿಸಬಹುದು. ಅದಕ್ಕೆ ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಅಡಿಕೆ ಮಾರಿದ ಸೊಸೈಟಿಯ ಮೂರು ವರ್ಷದ ಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಬೆಳೆಸಾಲದ ಲೆಕ್ಕ ಇಷ್ಟನ್ನೂ ಈಗಲೇ ಒಟ್ಟು ಮಾಡಿ. ಕನ್ನಡದಲ್ಲಿರುವುದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ. ಫಾರ್ಮಿನಲ್ಲಿ ತೋಟದ ಬೆಲೆ ಕೇಳುತ್ತಾರೆ. ಎಕರೆಗೆ ಇಷ್ಟು ಅಂತ ಹಾಕಿದರೆ ನೀವು ಶ್ರೀಮಂತರ ಹಾಗೆ ಕಾಣುತ್ತೀರಿ. ವಿವರಣೆಗೆ ಅಂತ ಕೊನೆಯಲ್ಲಿ ಜಾಗ ಇರುತ್ತದೆ, ಅದನ್ನು ಖಾಲಿ ಬಿಡಬೇಡಿ. ಈ ತೋಟವೇ ಮನೆಯ ಏಕೈಕ ಆದಾಯ, ಮಾರಿದರೆ ಊಟಕ್ಕೆ ದಾರಿಯಿಲ್ಲ ಅಂತ ಅಲ್ಲಿ ಬರೆಯಿರಿ. ಖಾತೆ ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿದ್ದರೆ ಅದನ್ನೂ ಹೇಳಿ. ಕೊಳೆರೋಗಕ್ಕೋ ಎಲೆಚುಕ್ಕೆ ರೋಗಕ್ಕೋ ಯಾವ ವರ್ಷ ಎಷ್ಟು ಕ್ವಿಂಟಾಲ್ ಕಡಿಮೆ ಬಂತು ಅಂತ ಸೊಸೈಟಿ ಪಟ್ಟಿ ತೋರಿಸಿ ಬರೆಯಿರಿ. ಅಳು ಬೇಡ, ಅಂಕಿ ಸಾಕು.

ಪಿಯು ಕಾಲೇಜಿನ ಕಡೆಯಿಂದ ಆಗಬೇಕಾದ ಕೆಲಸವೂ ಇದೆ. ಕಾಮನ್ ಆ್ಯಪ್ ಅನ್ನುವ ಒಂದೇ ಅರ್ಜಿಯಲ್ಲಿ ಹಲವು ಕಾಲೇಜುಗಳಿಗೆ ಹಾಕಬಹುದು. ಅದು ನಿಮ್ಮ ಪ್ರಿನ್ಸಿಪಾಲರಿಗೂ ಇಬ್ಬರು ಲೆಕ್ಚರರಿಗೂ ನೇರವಾಗಿ ಇಮೇಲ್ ಕಳಿಸುತ್ತದೆ. ನಮ್ಮ ಕಾಲೇಜುಗಳಲ್ಲಿ ಈ ಕೆಲಸ ಮಾಡಿ ಗೊತ್ತಿರುವವರು ಕಡಿಮೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಲೆಕ್ಚರರಿಗೆ ಪತ್ರ ಬರೆಯಿರಿ ಅಂದರೆ 'ಶಿಸ್ತಿನ ಹುಡುಗಿ, ವಿಧೇಯಳು, ಹಾಜರಾತಿ ಚೆನ್ನಾಗಿದೆ' ಅಂತ ಮೂರು ಸಾಲು ಬರೆದುಕೊಡುತ್ತಾರೆ. ನಮಗೆ ಅದು ಹೊಗಳಿಕೆ, ಅಲ್ಲಿ ಅದು ಖಾಲಿ ಕಾಗದ. ನೀವು ಅವರ ಹತ್ತಿರ ಹೋಗಿ, ಕ್ಲಾಸಿನಲ್ಲಿ ನಡೆದ ಯಾವುದಾದರೂ ಒಂದು ಘಟನೆಯನ್ನು ನೆನಪು ಮಾಡಿಕೊಡಿ. "ಸರ್, ಅವತ್ತು ರಿಕರ್ಷನ್ ಅರ್ಥವಾಗದೆ ಮೂರು ದಿನ ನಿಮ್ಮ ಹಿಂದೆ ಬಿದ್ದಿದ್ದೆನಲ್ಲ, ಅದನ್ನು ಬರೆಯಬಹುದಾ?" ಅಂತ ಕೇಳಿ. ಹೇಗೆ ಕಲಿಯುತ್ತೀರಿ ಅನ್ನುವುದು ಗೊತ್ತಾಗುವ ಒಂದು ಘಟನೆ ಹತ್ತು ವಿಶೇಷಣಗಳಿಗಿಂತ ಮೇಲು.

ಈಗ ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಸರ್ಟಿಫಿಕೇಟ್ ತೋರಿಸುವಂಥದ್ದು ಏನೂ ಮಾಡಿಲ್ಲ ಅಂದಿದ್ದೀರಿ. ಸುಲಿಯುವವರ ಲೆಕ್ಕ ಬರೆಯೋದು ಮತ್ತೇನು? ಅರ್ಜಿಯಲ್ಲಿ ನೀವು ಮಾಡುವ ಕೆಲಸಗಳನ್ನು ಹೇಳಲು ಹತ್ತು ಪೆಟ್ಟಿಗೆ ಕೊಡುತ್ತಾರೆ, ವಿವರಣೆಗೆ ತಲಾ 150 ಅಕ್ಷರ. ಹತ್ತೂ ತುಂಬಬೇಕಿಲ್ಲ. 'ತೋಟದ ಕೆಲಸದಲ್ಲಿ ತಂದೆಗೆ ಸಹಾಯ' ಅಂತ ಬರೆದರೆ ಅದು ಎಲ್ಲರೂ ಬರೆಯುವ ಸಾಲು. 'ಕೊಯ್ಲಿನ ರಾತ್ರಿಗಳಲ್ಲಿ ಸುಲಿಯುವವರ ತೂಕ ಬರೆಯುವುದು, ವಾರದ ಬಟವಾಡೆ, ತಕರಾರು ಬಂದರೆ ಬಗೆಹರಿಸುವುದು' ಅಂತ ಬರೆದರೆ ಅದು ನೀವು. ಎಷ್ಟು ಜನ, ವಾರಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದಿಂದ ಅನ್ನೋದನ್ನು ಸರಿಯಾಗಿ ಹಾಕಿ.

650 ಪದಗಳ ಪ್ರಬಂಧಕ್ಕೂ ದೂರ ಹೋಗಬೇಕಾಗಿಲ್ಲ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು, ಪಕ್ಕದಲ್ಲಿ ಚೊಗರಿನ ಹಂಡೆ ಕುದಿಯುತ್ತಿರುವುದು, ನೀವು ಪುಸ್ತಕ ಹಿಡಿದು ಕೂತಿರುವುದು. ಒಬ್ಬರ ತೂಕ ಕಡಿಮೆ ಬಂತು ಅಂತ ಗಲಾಟೆ ಆದ ರಾತ್ರಿ ಯಾವುದಾದರೂ ಇದೆಯಾ? ಆಗ ನೀವು ಅಪ್ಪನ ಪರ ನಿಂತಿರಾ, ಆಕೆಯ ಪರ ನಿಂತಿರಾ? ಪುಸ್ತಕದಲ್ಲಿ ಬರೆದದ್ದು ಸರಿ ಅಂತ ನಿಮಗೆ ಹೇಗೆ ಗೊತ್ತಿತ್ತು? ಹಳೆಯ ಪುಸ್ತಕಗಳನ್ನು ತೆಗೆದು ನೋಡಿದ್ದೀರಾ, ಅಜ್ಜನ ಕಾಲದ ಕೂಲಿ ಎಷ್ಟಿತ್ತು? ನೋಡಿ, ಇತಿಹಾಸವೂ ಲೆಕ್ಕವೂ ಅಲ್ಲೇ ಒಟ್ಟಿಗೆ ಕೂತಿವೆ. ಕನ್ನಡದಲ್ಲಿ ಮೊದಲು ಬರೆಯಿರಿ. ಮನಸ್ಸಿನಲ್ಲಿದ್ದದ್ದು ಪೂರ್ತಿ ಬಂದ ಮೇಲೆ ನೀವೇ ಇಂಗ್ಲಿಷಿಗೆ ತನ್ನಿ. ಇಂಗ್ಲಿಷ್ ಸ್ವಲ್ಪ ಒರಟಾಗಿದ್ದರೆ ತೊಂದರೆಯಿಲ್ಲ. ಬಡತನವನ್ನು ಎತ್ತಿ ತೋರಿಸಿ ಕನಿಕರ ಗಳಿಸುವ ಪ್ರಬಂಧ ಬರೆಯಬೇಡಿ. ಹಾಗೇ, ದುಡ್ಡು ತೆಗೆದುಕೊಂಡು ಬೇರೆಯವರು ಬರೆದುಕೊಡುವ ಪ್ರಬಂಧದ ಹತ್ತಿರವೂ ಸುಳಿಯಬೇಡಿ.

ಏಜೆಂಟರ ಬಗ್ಗೆಯೂ ಒಂದು ಮಾತು. ಸೀಟು ಕೊಡಿಸುತ್ತೇವೆ ಅಂತ ಬೋರ್ಡು ಹಾಕಿದವರಲ್ಲಿ ಹಲವರಿಗೆ ಕೆಲವು ಯೂನಿವರ್ಸಿಟಿಗಳಿಂದ ಕಮಿಷನ್ ಬರುತ್ತದೆ, ಹಾಗಾಗಿ ಆ ಹೆಸರುಗಳನ್ನೇ ಹೇಳುತ್ತಾರೆ. ಈ ಥರದ ಕಾಲೇಜುಗಳ ಹೆಸರು ಅವರ ಬಾಯಲ್ಲಿ ಬರುವುದು ಅಪರೂಪ. ಅಮೆರಿಕ ಸರ್ಕಾರದ ಎಜುಕೇಶನ್ ಯುಎಸ್ಎ ಕೇಂದ್ರಗಳಲ್ಲಿ ನಂಬುವಂಥ ಮಾಹಿತಿ ಸಿಗುತ್ತದೆ. ಗ್ರಿನ್ನೆಲ್ಲಿಗಂತೂ ಅರ್ಜಿ ಶುಲ್ಕವೇ ಇಲ್ಲ.

ಸರಿ, ಸೀಟು ಸಿಕ್ಕಿತು ಅಂದುಕೊಳ್ಳಿ. ಚೆನ್ನೈಗೋ ಹೈದರಾಬಾದಿಗೋ ಹೋಗಿ ವೀಸಾ ಸಂದರ್ಶನ ಮುಗಿಸಿದಿರಿ. ಆಗಸ್ಟಿನಲ್ಲಿ ಹೋಗಿ ಇಳಿದಿರಿ. ಒಗ್ಗಿಕೊಳ್ಳೋದು ಅಂದರೆ ಏನು?

ಮಾತು ಕಡಿಮೆ ಅನ್ನೋದು ನಿಮ್ಮ ಭಯ. ಟ್ಯುಟೋರಿಯಲ್ ಕ್ಲಾಸಿನಲ್ಲಿ ಹನ್ನೆರಡು-ಹದಿನಾಲ್ಕು ಮಂದಿ ಇರುತ್ತಾರೆ, ಮೇಜಿನ ಸುತ್ತ. ಹಿಂದಿನ ಬೆಂಚು ಅನ್ನೋದೇ ಇಲ್ಲ. ಅಮೆರಿಕದ ಹುಡುಗರು ಅರ್ಧ ಗೊತ್ತಿದ್ದರೂ ಮಾತಾಡುತ್ತಾರೆ, ನಾವು ಪೂರ್ತಿ ಗೊತ್ತಾಗುವವರೆಗೆ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಚರ್ಚೆ ಬೇರೆ ಕಡೆ ಹೋಗಿರುತ್ತದೆ. ನಾನು ಮಕ್ಕಳಿಗೆ ಹೇಳಿಕೊಡುವ ಉಪಾಯ ಇಷ್ಟೇ. ಹಿಂದಿನ ರಾತ್ರಿ ಓದಿದ್ದರಲ್ಲಿ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ, ಕ್ಲಾಸು ಶುರುವಾದ ಹತ್ತು ನಿಮಿಷದೊಳಗೆ ಅದನ್ನು ಕೇಳಿಬಿಡಿ. ಒಮ್ಮೆ ದನಿ ಹೊರಗೆ ಬಂದರೆ ಆಮೇಲಿನದು ಅಷ್ಟು ಕಷ್ಟವಲ್ಲ. ಮೌನವಾಗಿರುವವರನ್ನು ಅಲ್ಲಿ ಯಾರೂ ಹೀಯಾಳಿಸುವುದಿಲ್ಲ. ಆದರೆ ಓದದೆ ಬಂದದ್ದಕ್ಕೆ ಮೌನವೋ, ಸಂಕೋಚಕ್ಕೆ ಮೌನವೋ ಅಂತ ಪ್ರೊಫೆಸರಿಗೆ ಗೊತ್ತಾಗಬೇಕಲ್ಲ.

ಅದಕ್ಕೇ ಆಫೀಸ್ ಅವರ್ಸ್ ಅನ್ನೋದನ್ನು ಬಿಡಬೇಡಿ. ಪ್ರತಿ ಪ್ರೊಫೆಸರ್ ವಾರದಲ್ಲಿ ಇಂತಿಷ್ಟು ಹೊತ್ತು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಕೂರುತ್ತಾರೆ. ನಮ್ಮಲ್ಲಿ ಸ್ಟಾಫ್ ರೂಮಿಗೆ ಕರೆದರು ಅಂದರೆ ಏನೋ ತಪ್ಪಾಗಿದೆ ಅಂತ ಅರ್ಥ. ಅಲ್ಲಿ ನೀವಾಗಿಯೇ ಹೋಗಬೇಕು. ಡೌಟು ಇಲ್ಲದಿದ್ದರೂ ಹೋಗಬಹುದು. ಮೊದಲ ಎರಡು ವಾರದಲ್ಲೇ ಹೋಗಿ, "ನಾನು ಕ್ಲಾಸಿನಲ್ಲಿ ನಿಧಾನಕ್ಕೆ ಮಾತಾಡುವವಳು, ಇಂಗ್ಲಿಷ್ ಮೀಡಿಯಂಗೆ ಬಂದು ಎರಡೇ ವರ್ಷವಾಯಿತು" ಅಂತ ಹೇಳಿ. ಟ್ಯುಟೋರಿಯಲ್ ತೆಗೆದುಕೊಳ್ಳುವವರೇ ನೀವು ಮೇಜರ್ ಆರಿಸಿಕೊಳ್ಳುವವರೆಗೆ ನಿಮ್ಮ ಅಡ್ವೈಸರ್ ಆಗಿರುತ್ತಾರೆ. ಅವರಿಗೆ ನೀವು ಮೊದಲೇ ಪರಿಚಯವಿದ್ದರೆ ಮುಂದಿನದೆಲ್ಲ ಹಗುರ.

ಓದಿನಲ್ಲಿ ಪಿಯು ಮಕ್ಕಳು ಮುಗ್ಗರಿಸುವ ಜಾಗ ಒಂದಿದೆ. ನಾವು ಗೈಡಿನ ಉತ್ತರವನ್ನು ಅಕ್ಷರ ಬಿಡದೆ ಬರೆದು ಪೂರ್ತಿ ಅಂಕ ತೆಗೆದುಕೊಂಡು ಬೆಳೆದವರು. ಅಲ್ಲಿ ಬೇರೆಯವರ ವಾಕ್ಯವನ್ನು ಹೆಸರು ಹೇಳದೆ ಬಳಸಿದರೆ ಕೃತಿಚೌರ್ಯ, ವಿಚಾರಣೆ ಆಗುತ್ತದೆ. ಗೊತ್ತಿಲ್ಲದೆ ಮಾಡಿದೆ ಅಂದರೂ ಸುಲಭಕ್ಕೆ ಬಿಡುವುದಿಲ್ಲ. ಯಾವುದನ್ನು ಎಲ್ಲಿಂದ ತೆಗೆದುಕೊಂಡಿರಿ ಅಂತ ಬರೆಯುವ ಕ್ರಮವನ್ನು ಮೊದಲ ಅಸೈನ್‌ಮೆಂಟಿಗೆ ಮುಂಚೆಯೇ ಕಲಿತುಬಿಡಿ. ಮೊದಲ ಪೇಪರಿಗೆ ಬಿ ಬಂದರೆ, ಸಿ ಬಂದರೂ, ಊರಿಗೆ ಫೋನ್ ಮಾಡಿ ಅಳುವಂಥದ್ದೇನೂ ಆಗಿರುವುದಿಲ್ಲ. ಅಲ್ಲಿಗೆ ಬಂದವರೆಲ್ಲ ಅವರವರ ಊರಿನಲ್ಲಿ ಮೊದಲನೆಯವರೇ.

ಸ್ನೇಹದ ವಿಷಯದಲ್ಲಿ ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಅಲ್ಲಿ ಸಿಗುವ ಭಾರತದ ಮಕ್ಕಳಲ್ಲಿ ಹೆಚ್ಚಿನವರು ಬೆಂಗಳೂರು, ಮುಂಬಯಿ, ದೆಹಲಿಯ ದುಬಾರಿ ಶಾಲೆಗಳಿಂದ ಬಂದವರು. ಅವರ ಇಂಗ್ಲಿಷ್, ಅವರ ರಜೆಯ ಪ್ರವಾಸಗಳು, ಅವರ ತಮಾಷೆ ನಿಮಗೆ ಹೊಸದು. ನಮ್ಮವರ ಮಧ್ಯೆಯೇ ಪರಕೀಯ ಅನಿಸಿದರೆ ಗಾಬರಿಯಾಗಬೇಡಿ, ಅದು ನಿಮ್ಮ ದೋಷವಲ್ಲ. ಅಯೋವಾದ ರೈತರ ಮನೆಯ ಹುಡುಗಿಯ ಜೊತೆ ನಿಮಗೆ ಬೇಗ ಮಾತು ಕೂಡಬಹುದು. ಮಳೆ ತಡವಾಯಿತು, ರೋಗ ಬಂತು, ರೇಟು ಬಿತ್ತು, ಸಾಲ ತೀರಲಿಲ್ಲ ಅಂತ ಮಾತಾಡುವುದನ್ನು ಕೇಳುತ್ತಾ ಬೆಳೆದವರು ಇಬ್ಬರೂ. ಹೊರದೇಶದ ವಿದ್ಯಾರ್ಥಿಗಳಿಗೆ ಊರಿನವರ ಮನೆಯ ಪರಿಚಯ ಮಾಡಿಸುವ ಹೋಸ್ಟ್ ಫ್ಯಾಮಿಲಿ ವ್ಯವಸ್ಥೆ ಇದೆ. ಅವರ ಮನೆಯಲ್ಲಿ ಇರುವುದಲ್ಲ, ಆಗಾಗ ಊಟಕ್ಕೆ ಹೋಗಿಬರುವುದು. ಸಂಕೋಚ ಬಿಟ್ಟು ಅದಕ್ಕೆ ಹೆಸರು ಕೊಡಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಹಾಸ್ಟೆಲ್ಲು ಖಾಲಿಯಾದಾಗ ಆ ಮನೆಯ ಬೆಲೆ ಗೊತ್ತಾಗುತ್ತದೆ. ಊರಿನಲ್ಲಿ ಬಿಳಿಯರೇ ಜಾಸ್ತಿ. ಯಾರಾದರೂ ದುರುಗುಟ್ಟಿ ನೋಡಬಹುದು, ಅಸಂಬದ್ಧ ಪ್ರಶ್ನೆ ಕೇಳಬಹುದು. ನೋವಾಗುವಂಥದ್ದು ನಡೆದರೆ ನುಂಗಿಕೊಳ್ಳಬೇಡಿ, ಅಡ್ವೈಸರಿಗೆ ಅವತ್ತೇ ಹೇಳಿ.

ಸಣ್ಣ ಜಾಗದ ಕಷ್ಟವೂ ಇದೆ. ರೂಮ್‌ಮೇಟ್ ಜೊತೆ ಮನಸ್ತಾಪವಾದರೆ ಆಕೆ ಊಟದ ಹಾಲ್‌ನಲ್ಲಿ ದಿನಕ್ಕೆ ಮೂರು ಸಲ ಎದುರಾಗುತ್ತಾಳೆ. ಯಾರು ಯಾರ ಜೊತೆ ಓಡಾಡಿದರು ಅನ್ನುವುದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಮಲೆನಾಡಿನ ಕೇರಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ ಬಿಡಿ. ಗ್ರಿನ್ನೆಲ್‌ನಲ್ಲಿ ಸೆಲ್ಫ್ ಗವರ್ನೆನ್ಸ್ ಅಂತ ಒಂದು ಹಳೆಯ ಪದ್ಧತಿ ಇದೆ. ಹಾಸ್ಟೆಲ್ಲಿನ ಗಲಾಟೆ, ಗದ್ದಲ, ಜಗಳಗಳನ್ನು ವಾರ್ಡನ್ ಬಂದು ಗದರಿಸುವ ಬದಲು ವಿದ್ಯಾರ್ಥಿಗಳೇ ಮಾತಾಡಿಕೊಂಡು ಸರಿಮಾಡಿಕೊಳ್ಳಬೇಕು. ಪಕ್ಕದ ರೂಮಿನವರು ರಾತ್ರಿ ಒಂದಕ್ಕೆ ಹಾಡು ಹಾಕಿದರೆ ನೀವೇ ಹೋಗಿ ಬಾಗಿಲು ತಟ್ಟಬೇಕು. ನಿಮಗೆ ಅದು ಮೊದಮೊದಲು ಕಷ್ಟ. ತೂಕದ ತಕರಾರು ಬಗೆಹರಿಸುವವರಿಗೆ ಆಗದ ಕೆಲಸವೇನಲ್ಲ. ಪಾರ್ಟಿ, ಕುಡಿತ ಇರುತ್ತವೆ. ಬೇಡ ಅಂದರೆ ಯಾರೂ ಬಲವಂತ ಮಾಡುವುದಿಲ್ಲ. ಬೇಡ ಅಂತ ನಗುತ್ತಾ ಹೇಳಿ ಅಲ್ಲೇ ಕೂತು ಹರಟೆ ಹೊಡೆಯುವವರೂ ಬಹಳ ಮಂದಿ ಇದ್ದಾರೆ.

ಊಟಕ್ಕೆ ತೊಂದರೆಯಿಲ್ಲ. ಸಸ್ಯಾಹಾರಿಗಳಿಗೂ ವೀಗನ್‌ಗಳಿಗೂ ದಿನವೂ ಏನಾದರೂ ಇರುತ್ತದೆ. ರುಚಿ ಸಪ್ಪೆ. ಚಟ್ನಿಪುಡಿ, ಮೆಂತ್ಯಹಿಟ್ಟು ಕೈಯಲ್ಲಿರಲಿ.

ಚಳಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಜನವರಿಯಲ್ಲಿ ಮೈನಸ್ ಹತ್ತು ಸಾಮಾನ್ಯ, ಮೈನಸ್ ಇಪ್ಪತ್ತಕ್ಕಿಂತ ಕೆಳಗೂ ಇಳಿಯುತ್ತದೆ. ದಪ್ಪ ಜಾಕೆಟ್, ಬೂಟು ಇಲ್ಲಿ ಕೊಳ್ಳಬೇಡಿ, ಅಲ್ಲಿನ ಚಳಿಗೆ ಅವು ಸಾಲುವುದಿಲ್ಲ. ಹೋದ ಮೇಲೆ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ, ಹಳೆಯದು ಕಡಿಮೆ ಬೆಲೆಗೆ ಸಿಗುತ್ತದೆ. ಹಾಸ್ಟೆಲ್ಲುಗಳನ್ನು ಜೋಡಿಸುವ ಮೇಲ್ಛಾವಣಿ ಇರುವ ಉದ್ದದ ಪಡಸಾಲೆಗಳಿವೆ, ಹಿಮ ಬೀಳುವಾಗ ಅವೇ ಆಸರೆ. ಚಳಿಗಿಂತ ಜಾಸ್ತಿ ಕಾಡುವುದು ಕತ್ತಲೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅದೇ ಹೊತ್ತಿಗೆ ಪರೀಕ್ಷೆ. ಆಗ ಮನಸ್ಸು ಕುಗ್ಗಿ, ರೂಮಿನಿಂದ ಹೊರಗೆ ಬರಲೇ ಬೇಡ ಅನಿಸಿದರೆ ಕಾಲೇಜಿನ ಕೌನ್ಸೆಲಿಂಗ್ ಸೇವೆಗೆ ಹೋಗಿ. ಹುಚ್ಚು ಹಿಡಿದವರು ಹೋಗುವ ಜಾಗ ಅಂತ ನಮ್ಮ ಕಡೆ ಅಂದುಕೊಳ್ಳುವುದನ್ನು ಇಲ್ಲೇ ಬಿಟ್ಟು ಹೋಗಿ. ಕ್ಯಾಂಪಸ್ಸಿನಲ್ಲಿ ಒಂದು ಸಣ್ಣ ಕೆಲಸ ಹಿಡಿದುಕೊಳ್ಳಿ, ಲೈಬ್ರರಿಯದ್ದೋ ಊಟದ ಹಾಲ್‌ನದ್ದೋ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ಕ್ಯಾಂಪಸ್ ಕೆಲಸಕ್ಕೆ ಅವಕಾಶವಿದೆ. ಕೈಖರ್ಚಿಗೆ ಆಗುತ್ತದೆ, ದಿನಕ್ಕೆ ಒಂದಷ್ಟು ಹೊತ್ತು ಜನರ ಮುಖ ನೋಡಿದ ಹಾಗೂ ಆಗುತ್ತದೆ.

ಒಂದೇ ಕಾಲೇಜನ್ನು ನಂಬಿ ಕೂರಬೇಡಿ. ಇದೇ ಥರದ ಎಂಟು-ಹತ್ತು ಕಾಲೇಜುಗಳಿಗೆ ಹಾಕಿ. ಅರ್ಲಿ ಡಿಸಿಷನ್ ಅನ್ನುವ ದಾರಿಯೂ ಇದೆ. ಅದರಲ್ಲಿ ಒಂದೇ ಕಾಲೇಜಿಗೆ ಮೊದಲೇ ಹಾಕಿ, ಸೀಟು ಕೊಟ್ಟರೆ ಬರುತ್ತೇನೆ ಅಂತ ಮಾತು ಕೊಡಬೇಕು. ಗ್ರಿನ್ನೆಲ್ಲೇ ಬೇಕು ಅಂತ ಮನಸ್ಸು ಗಟ್ಟಿಯಾಗಿದ್ದರೆ, ಮನೆಯಲ್ಲಿ ಹಣದ ಲೆಕ್ಕ ಸರಿಯಾಗಿ ಮಾಡಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಸಾಮಾನ್ಯ ಸುತ್ತಿನ ತೀರ್ಮಾನ ಮಾರ್ಚ್ ಕೊನೆಯ ಹೊತ್ತಿಗೆ ಬರುತ್ತದೆ, ಆಮೇಲೂ ನಿಮಗೆ ಸಿಇಟಿ ಇರುತ್ತದೆ. ಅದನ್ನು ಬಿಡಬೇಡಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಗೂ ಅರ್ಜಿ ಹಾಕಿ. ಬೇರೆ ಬೇರೆ ವಿಷಯಗಳನ್ನು ಸೇರಿಸಿ ಓದುವ ಅವಕಾಶ ಅಲ್ಲೂ ಇದೆ, ಮನೆಯ ಆದಾಯ ನೋಡಿ ಫೀಸು ಕಡಿಮೆ ಮಾಡುತ್ತಾರೆ. ಅಲ್ಲಿ ಸೇರಿದರೆ ಅದನ್ನು ಸೋಲು ಅಂತ ಅಂದುಕೊಳ್ಳಬೇಕಾಗಿಲ್ಲ.

ಕಾಮನ್ ಆ್ಯಪ್ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದಕ್ಕೆ ಮುಂಚೆ ನಿಮ್ಮ ಹೈಸ್ಕೂಲಿಗೆ ಹೋಗಿ ಒಂಬತ್ತನೇ ಕ್ಲಾಸಿನ ಅಂಕಪಟ್ಟಿಯ ದೃಢೀಕರಿಸಿದ ಪ್ರತಿ ತೆಗೆದುಕೊಳ್ಳಿ. ಎಷ್ಟೋ ಜನರಿಗೆ ಕೊನೆಯ ವಾರದಲ್ಲಿ ಸಿಗದೆ ಪೇಚಾಡಿಸುವ ಕಾಗದ ಅದು. ಹೆಡ್‌ಮಾಸ್ಟರಿಗೆ ವರ್ಗಾವಣೆ ಆಗಿದ್ದರೆ ಹಳೆಯ ರಿಜಿಸ್ಟರ್ ಹುಡುಕಿಸಲು ದಿನ ಹಿಡಿಯುತ್ತದೆ. ಅಂಕಪಟ್ಟಿಯಲ್ಲಿ, ಪಾಸ್‌ಪೋರ್ಟಿನಲ್ಲಿ, ಆಧಾರಿನಲ್ಲಿ ನಿಮ್ಮ ಹೆಸರಿನ ಕಾಗುಣಿತ ಒಂದೇ ಇದೆಯಾ ಅಂತಲೂ ಅವತ್ತೇ ನೋಡಿಕೊಳ್ಳಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅಂದರೆ ಅದರ ಅರ್ಜಿ ಈ ವಾರವೇ ಹೋಗಲಿ.